ಗುರುಪಾದಣ್ಣನ ಒಂದು ರಿಂಗು

ಇಲ್ಲ... ನಂಬಲು ನನ್ನಿಂದ ಆಗುತ್ತಲೇ ಇಲ್ಲ.
ಬೆಳಿಗ್ಗೆಯಿಂದ ನಾಲ್ಕು ಸಲ ಟೀ ಮಾಡಿದೆ. ನಾಲ್ಕೂ ಹಾಗೇ ಆರಿಹೋದವು.

ನಮ್ಮ ಗುರುಪಾದಣ್ಣ ಹೋಗಿಬಿಟ್ಟರು...

ಧಾರವಾಡದವರು, ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿದ್ದರು. ಗುರುಪಾದ ಹಂಚಿನಾಳ.
ಈ ಗ್ರೂಪಿನ ಹಲವರಿಗೆ ಬರೀ "ಸ್ಕೀ ಅಂಕಲ್".
ಅರವತ್ತೊಂಬತ್ತು ವರ್ಷ.

ನಿನ್ನೆ ಭಾನುವಾರ ಒಬ್ಬರೇ ಡ್ರೈವ್ ಮಾಡಿಕೊಂಡು ಬುಲರ್ ಬೆಟ್ಟಕ್ಕೆ ಹೋಗಿದ್ದಾರೆ. ಸ್ಕೀ ಮಾಡಿದ್ದಾರೆ. ಕೆಳಗಿನ ಊರಿಗೆ ಇಳಿದು, ಹಿಮದ ರಸ್ತೆಗೆಂದು ಟಯರಿಗೆ ಹಾಕಿದ್ದ ಬಾಡಿಗೆ ಚೈನ್ ಬಿಚ್ಚಿ ಅಂಗಡಿಗೆ ವಾಪಸ್ ಕೊಟ್ಟಿದ್ದಾರೆ. ಕಾರಿನಲ್ಲಿ ಬಂದು ಕೂತಿದ್ದಾರೆ.
ಅಷ್ಟೇ.
ಹಾರ್ಟ್ ಅಟ್ಯಾಕ್. ಅಂಗಡಿಯವನು ಬಂದು ಗ್ಲಾಸ್ ತಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು...

ಆಗಲೇ ನನಗೆ ಎರಡು ಥರದ ಮೆಸೇಜ್ ಬರುತ್ತಿವೆ.
"ಆ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?"
"ಇಷ್ಟಪಟ್ಟದ್ದನ್ನ ಮಾಡ್ತಾ ಹೋದರು, ಪುಣ್ಯವಂತರು."
ಎರಡನ್ನೂ ಓದಿ ಫೋನ್ ಮಗುಚಿಟ್ಟೆ. ಸುಸ್ತಾಗಿದೆ.

ಅವರು ಸ್ಕೀ ಕಲಿತದ್ದೇ ಐವತ್ತೆಂಟಕ್ಕೆ. ಆಗ ನಾನೂ ಮೆಲ್ಬರ್ನ್‌ನಲ್ಲಿದ್ದೆ, ಇಬ್ಬರದೂ ಒಂದೇ ಆಫೀಸು. ಆರು ವರ್ಷದ ಪಿಳ್ಳೆಗಳ ಲೈನಿನಲ್ಲಿ ತಲೆ ನೆರೆತವರು ನಾವಿಬ್ಬರೇ. ನಾನು ಬಿದ್ದು ಬಿದ್ದು ಅಳುವ ಹಾಗಾಗಿದ್ದೆ. ಅವರು ನನಗಿಂತ ಜಾಸ್ತಿ ಬಿದ್ದರು.
"ಕುಸ್ತಿಗಿಂತ ಇದು ಚಲೋ ಐತಿ ತಮ್ಮಾ... ಕೆಡವಾಕ ಎದುರಿಗೆ ಯಾರೂ ಬೇಕಾಗಿಲ್ಲ!"

ಬರುಬರುತ್ತಾ ನನಗಿಂತ ಚೆನ್ನಾಗಿ ಕಲಿತರು. ಪ್ರತಿ ಇಳಿಜಾರಿನ ಬುಡದಲ್ಲೂ ಕೋಲು ಊರಿಕೊಂಡು ನನಗಾಗಿ ಕಾಯುತ್ತಿದ್ದರು.

ಬೆಟ್ಟ ಹತ್ತಿಸುವ ಚೇರ್‌ಲಿಫ್ಟ್‌ನಲ್ಲಿ ಪಕ್ಕ ಕೂತ ಆಸ್ಟ್ರೇಲಿಯನ್ ಮುದುಕರೆಲ್ಲ ಅವರ ಫ್ರೆಂಡ್ಸ್. ಹಿಪ್ ಬದಲಾಯಿಸಿಕೊಂಡವರು, ಬೈಪಾಸ್ ಆದವರು... ಆ ಗ್ಯಾಂಗಿಗೆ ತನ್ನದೇ ಲೆಕ್ಕಾಚಾರ. ಬೆಳಿಗ್ಗೆ ಮೊದಲ ಲಿಫ್ಟಿಗೆ ಹಾಜರು. ಕಾಲು ಸೋಲುವ ಮೊದಲೇ ಸೂಪ್ ಕುಡಿದು ವಾಪಸ್. "ಲಾಸ್ಟ್ ರನ್", ಇದೇ ಕೊನೆಯ ಇಳಿತ ಅಂತ ಮಾತ್ರ ಯಾರೂ ಬಾಯಿಬಿಟ್ಟು ಹೇಳಬಾರದು, ಹಾಗಂದವನೇ ಕಾಲು ಮುರಿದುಕೊಳ್ಳುತ್ತಾನಂತೆ.

ನಾನು ಬಿಟ್ಟುಬಿಟ್ಟೆ.
ಮೊಣಕಾಲು ಒಂದು ನೆಪ. ಸಿಡ್ನಿಗೆ, ಈ ಪ್ಯಾರಮಟ್ಟಾಕ್ಕೆ ಬಂದದ್ದು ಇನ್ನೊಂದು ನೆಪ.

ಆಮೇಲೆ ನನಗೆ ಉಳಿದದ್ದು ಒಂದೇ ಕೆಲಸ.
ಬೆಟ್ಟಕ್ಕೆ ಹೋಗುವವರು ಯಾರಾದರೂ ಒಬ್ಬರಿಗೆ ಹೇಳಿ ಹೋಗಬೇಕು... ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ. ಗುರುಪಾದಣ್ಣನಿಗೆ ಆ ಒಬ್ಬ ನಾನು. ಇಳಿದ ಮೇಲೆ ಅವರಿಂದ ನನಗೆ ಒಂದು ಮಿಸ್ಡ್ ಕಾಲ್ ಬರಬೇಕು. ಒಂದೇ ರಿಂಗು, ಕಟ್. ಅಂದರೆ ಕ್ಷೇಮವಾಗಿ ಇಳಿದೆ ಅಂತ.

ನೆನಪಿದೆಯಾ ಅಣ್ಣಾ... ರೂಲ್ ಮಾಡಿದವರು ನೀವೇ.
"ಎತ್ತಬ್ಯಾಡ ಮತ್ತ. ಎತ್ತಿದ್ರ ಮಾತು ಶುರು ಆಗತೈತಿ, ನಾ ಮನಿ ಮುಟ್ಟೂದು ಯಾವಾಗ?"

ಮೂರು ವರ್ಷ ಒಂದು ಸಲವೂ ನಾನು ಎತ್ತಲಿಲ್ಲ.

ನಿನ್ನೆ ಮಧ್ಯಾಹ್ನ ಮೂರೂವರೆಗೆ ನಿಮ್ಮ ಹೆಸರು ಬಂತು. ನಾನು ಸೋಮವಾರದ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದೆ.
ಒಂದು ರಿಂಗು.
ಎರಡು.
ಮೂರು...
ಕಟ್ ಆಗಲೇ ಇಲ್ಲ. ತಾನಾಗಿ ನಿಲ್ಲುವ ತನಕ ಬಡಿದುಕೊಂಡಿತು.

ನಾನು ನಕ್ಕೆ ಅಣ್ಣಾ. "ಮುದುಕರಿಗೆ ಕಟ್ ಮಾಡೋದು ಮರೆತುಹೋಗಿದೆ" ಅಂತ ನಕ್ಕೆ. ಸದ್ಯ ಇಳಿದರಲ್ಲ ಅಂತ ಸಮಾಧಾನವೂ ಆಯಿತು. ಕಾಲರ್ ತಿರುಗಿಸಿ ಇಸ್ತ್ರಿ ಮುಂದುವರಿಸಿದೆ.

ಎದೆ ನೋಯುತ್ತಿತ್ತಾ?
ಆಂಬ್ಯುಲೆನ್ಸಿಗೆ ಟ್ರಿಪಲ್ ಝೀರೋ ಒತ್ತುವುದು ಬಿಟ್ಟು ನನ್ನ ನಂಬರ್ ಯಾಕೆ ಒತ್ತಿದಿರಿ?
ಇಲ್ಲಾ, ನಿಜವಾಗಿಯೂ ಮರೆತಿರಾ?
ಎತ್ತಿದ್ದರೆ ನೀವು ಉಳಿಯುತ್ತಿದ್ದಿರೋ ಇಲ್ಲವೋ ನನಗೆ ಗೊತ್ತಿಲ್ಲ. ಒಬ್ಬರೇ ಅಂತೂ ಇರುತ್ತಿರಲಿಲ್ಲ...

ಇವತ್ತು ಬೆಳಿಗ್ಗೆ ಗುರುಪಾದಣ್ಣನ ಮಗಳು ಸ್ವಾತಿ ಫೋನ್ ಮಾಡಿ ಸುದ್ದಿ ಹೇಳಿದಳು. ಅವಳ ಫೋನು ಮೊದಲ ರಿಂಗಿಗೇ ಎತ್ತಿದ್ದೆ. ಅತ್ತು ಅತ್ತು, ಕೊನೆಗೆ ಕೇಳಿದಳು:
"ಅಂಕಲ್, ಡ್ಯಾಡ್ ಲಾಸ್ಟ್ ಕಾಲ್ ಮಾಡಿದ್ದು ನಿಮ್ಗೆ. ಡಿಡ್ ಹಿ ಸೇ ಎನಿಥಿಂಗ್?"

ನಾನು ಹೇಳಿದೆ, "ಹೌದಮ್ಮ, ಮಾತಾಡಿದ್ರು. ಆರಾಮಾಗಿ ಇಳಿದೆ, ಮನೆಗೆ ಹೊರಟೆ ಅಂದ್ರು. ಖುಷಿಯಾಗಿದ್ರು."

"ಥ್ಯಾಂಕ್ಯೂ ಅಂಕಲ್... ಅಟ್ ಲೀಸ್ಟ್ ನಿಮ್ ಹತ್ರ ಮಾತಾಡಿದ್ರಲ್ಲ."

ಆ ಥ್ಯಾಂಕ್ಯೂ ಬೆಳಿಗ್ಗೆಯಿಂದ ನನ್ನನ್ನು ಕೂರಲೂ ಬಿಡುತ್ತಿಲ್ಲ, ನಿಲ್ಲಲೂ ಬಿಡುತ್ತಿಲ್ಲ.

ಸ್ವಾತಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ. ಓದಲು ಬರುವುದಿಲ್ಲ. ಅದಕ್ಕೇ ಧೈರ್ಯ ಮಾಡಿ ಇಲ್ಲಿ ಬರೆಯುತ್ತಿದ್ದೇನೆ... ಹೇಡಿತನ ಅಂತ ಗೊತ್ತು.

ಒಂದೇ ರಿಕ್ವೆಸ್ಟ್. ಯಾರೂ ಇದನ್ನು ಅವಳಿಗೆ ಓದಿ ಹೇಳಬೇಡಿ.
ಗುರುವಾರ ಫ್ಯೂನರಲ್. ಬುಧವಾರದ ಫ್ಲೈಟ್ ಬುಕ್ ಮಾಡಿದ್ದೇನೆ. ಇದನ್ನು ಪ್ರಿಂಟ್ ಹಾಕಿ ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಎಲ್ಲ ಮುಗಿದ ಮೇಲೆ ಅವಳ ಎದುರಿಗೆ ಕೂತು ನಾನೇ ಓದುತ್ತೇನೆ. ಬೈದರೆ ಬೈಯಲಿ. ಮುಖ ನೋಡಲ್ಲ ಅಂದರೂ ಸರಿಯೇ.

ಹೋಗಿ ಬನ್ನಿ ಅಣ್ಣಾ...
ನಿಮ್ಮ ಜೀವಕ್ಕೆ ಬೇಗ ನೆಮ್ಮದಿ ಸಿಗಲಿ.
ಈ ಸಲ ಕೆಳಗೆ ನಿಂತು ನನಗಾಗಿ ಕಾಯಬೇಡಿ.