ಉಡಿದಾರ ಬಿಚ್ಚಿ ತೂಗಿದ ಮಗು

ನನ್ನ ಮಗ ಏಳು ತಿಂಗಳಿಗೇ ಹುಟ್ಟಿದ. ಕನ್ನಡ ನಾಡು ಒಂದಾದ ವರ್ಷ ಅದು. ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಮೆರವಣಿಗೆಗೆಂದು ಸೀರೆ ತೆಗೆದಿಟ್ಟುಕೊಂಡಿದ್ದವಳು ಜಟಕಾ ಹತ್ತಿ ಆಸ್ಪತ್ರೆಗೆ ಹೋದೆ. ಮಗುವಿಗೆ ಅಳಲೂ ಶಕ್ತಿ ಇರಲಿಲ್ಲ. ಹತ್ತಿಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಗಳ ನಡುವೆ ಮಲಗಿಸಿ, ಇಂಕು ತುಂಬುವ ಫಿಲ್ಲರಿನಂಥ ನಳಿಕೆಯಲ್ಲಿ ನನ್ನ ಹಾಲನ್ನು ಹನಿ ಹನಿಯಾಗಿ ಕುಡಿಸಿದರು. ತಾಯಿ ಚಾಮುಂಡಿಯನ್ನು ನಂಬಿದವರು ಓದಲೆಂದು ಆ ದಿನಗಳನ್ನು ಬರೆಯುತ್ತಿದ್ದೇನೆ.

ಕಾರ್ತಿಕ ಕಳೆದ ಮೇಲೆ ಮನೆಗೆ ಕಳಿಸಿದರು. "ವಾರಕ್ಕೊಮ್ಮೆ ತಂದು ತೂಗಿಸಿ. ತೂಕ ಏರುತ್ತಿದ್ದರೆ ಉಳಿಯುತ್ತಾನೆ ಅಂತ ಧೈರ್ಯ" ಎಂದರು ಡಾಕ್ಟರಮ್ಮ.

ನಮ್ಮ ಅತ್ತೆಗೆ ತೂಗುವುದೇ ಆಗದ ಮಾತು. "ಕೂಸ್ನ ತೂಗುದ್ರೆ ಕಣ್ಣಾಯ್ತದೆ ಕಣಮ್ಮ. ಸಂತೆ ಕುಂಬಳಕಾಯಾ ಅದು?" ಎಂದು ಗೊಣಗುತ್ತಲೇ ವಿದ್ಯಾರಣ್ಯಪುರದಿಂದ ಬಸ್ಸಿನಲ್ಲಿ ನನ್ನ ಜೊತೆ ಬರುತ್ತಿದ್ದರು. ಮಗುವನ್ನು ಒರೆಸಿ ಸುತ್ತುವುದು ಅವರ ಕೆಲಸ. ಚಳಿ ತಗಲಬಾರದೆಂದು ಆಸ್ಪತ್ರೆಯಲ್ಲೂ ಸುತ್ತಿದ ಹಾಗೇ ತೂಗಿ, ಬಟ್ಟೆಯ ತೂಕ ಕಳೆಯುತ್ತಿದ್ದರು. ವಾರ ವಾರವೂ ತೂಕ ಏರಿತು. ನಾನು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಮನೆಗೆ ಬರುತ್ತಿದ್ದೆ.

ಸಂಕ್ರಾಂತಿ ಹತ್ತಿರ ಬಂದಾಗ ಹೊಸ ನರ್ಸೊಬ್ಬರು ಸುತ್ತಿದ್ದನ್ನೆಲ್ಲ ಬಿಚ್ಚಿದರು. ಸೊಂಟದಲ್ಲಿ ಬೆಳ್ಳಿಯ ಉಡಿದಾರ, ಅದರ ತುಂಬ ತಾಯತ, ಕಾಲಿಗೆ ಕಡಗ. ಉಡಿದಾರ ಮನೆಯಲ್ಲಿದ್ದ ಹಳೆಯದು, ಮಿಕ್ಕದ್ದನ್ನು ಅತ್ತೆ ವಾರಕ್ಕೊಂದು ಗುಡಿಗೆ ಹೋಗಿ ಒಂದೊಂದಾಗಿ ತಂದು ಕಟ್ಟಿದ್ದರು. ನಾನೂ ನೋಡಿದವಳೇ. ತಕ್ಕಡಿಗೆ ಅದೂ ಭಾರವೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಎಲ್ಲ ತೆಗೆದು ತೂಗಿದರೆ, ಮಗು ಆಸ್ಪತ್ರೆ ಬಿಟ್ಟ ದಿನಕ್ಕಿಂತ ಹಗುರವಾಗಿತ್ತು.

"ಏರಿದ್ದು ಬೆಳ್ಳಿ ಅಮ್ಮ, ಮಗು ಅಲ್ಲ" ಎಂದರು ಡಾಕ್ಟರಮ್ಮ. "ಗಂಟೆಗೊಮ್ಮೆ ಹಾಲು ಹಾಕಿ. ಮುಂದಿನ ವಾರವೂ ಇಳಿದಿದ್ದರೆ ನಾನು ಏನೂ ಹೇಳಲಾರೆ."

ಆಸ್ಪತ್ರೆಯ ಮೆಟ್ಟಿಲಲ್ಲೇ ಅತ್ತೆ ಎಲ್ಲವನ್ನೂ ಮತ್ತೆ ಕಟ್ಟಿದರು. ಬಸ್ಸು ಹತ್ತಿದೆವು. ನನಗೆ ಅವರ ಮೇಲೆ ಸಿಟ್ಟು, ದೇವಿಯ ಮೇಲೂ ಸಿಟ್ಟು. ಕಿಟಕಿಯಲ್ಲಿ ಚಾಮುಂಡಿ ಬೆಟ್ಟ ಕಂಡಾಗ ಮುಖ ತಿರುಗಿಸಿಕೊಂಡೆ. ಆದರೆ ಎಷ್ಟು ಹೊತ್ತು ತಿರುಗಿಸಿಕೊಂಡಿರಲಿ? ಮನೆಗೆ ಬಂದು ದೇವಿಯ ಪಟದ ಮುಂದೆ ಕೂತು, "ಇವನದೇ ತೂಕ ಕೊಡು ತಾಯಿ, ಅಷ್ಟು ತೂಕದ ಬೆಲ್ಲ ನಿನಗೆ" ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅತ್ತೆ ಎರಡು ಕೂಸು ಕಳೆದುಕೊಂಡವರು. ಆ ಉಡಿದಾರ ಕಟ್ಟಿದ ಮೇಲೆ ಉಳಿದದ್ದು ನನ್ನ ಗಂಡ. ಅಂಥವರು ಎದ್ದು ಬಂದು, ಮಗುವಿನ ಸೊಂಟದಿಂದ ಅದನ್ನು ಬಿಚ್ಚಿ, ತಾಯತ ಕಡಗಗಳ ಸಮೇತ ಪಟದ ಮುಂದಿಟ್ಟರು.

"ಇಟ್ಬುಟ್ಟೆ ಕಣಮ್ಮ. ಇನ್ನು ಅವ್ಳೇ ಕಾಯ್ಲಿ. ಏಳು, ಕೂಸಿಗೆ ಹಾಲು ಹಾಕನ" ಎಂದರು. ನನ್ನ ಸಿಟ್ಟೆಲ್ಲ ಅಲ್ಲೇ ಕರಗಿತು. ಆ ವಾರವೆಲ್ಲ ಸರದಿಯ ಮೇಲೆ ಇಬ್ಬರೂ ಹನಿ ಹನಿ ಹಾಲು ಹಾಕಿದೆವು.

ಮುಂದಿನ ವಾರ ಬರಿಮೈಯಲ್ಲಿ ತೂಗಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. "ಸ್ವಲ್ಪವೇ ಏರಿದೆ" ಎಂದ ಡಾಕ್ಟರಮ್ಮ, "ಆದರೆ ಇದು ಇವನದೇ ತೂಕ" ಎಂದರು. ನನ್ನ ಬೇಡಿಕೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅದೇ ಮಾತು ಅವರ ಬಾಯಿಂದ ಬಂದಾಗ ಗೋಡೆ ಹಿಡಿದು ಅತ್ತುಬಿಟ್ಟೆ.

ಆಮೇಲೂ ವರ್ಷಗಟ್ಟಲೆ ಆಸ್ಪತ್ರೆಗೆ ಓಡಾಡಿದೆವು. ಓರಗೆಯ ಮಕ್ಕಳು ಕೂತಾಗ ಇವನು ಕೂರಲಿಲ್ಲ. "ಹುಟ್ಟಿದ ದಿನದಿಂದ ಅಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿ" ಎಂದರು ಡಾಕ್ಟರಮ್ಮ. ತಡವಾಗಿ ಕೂತ, ತಡವಾಗಿ ನಡೆದ. ಈಗ ಸ್ಕೂಲಿಗೆ ಹೋಗುತ್ತಾನೆ, ಚಳಿಗಾಲದಲ್ಲಿ ಕೆಮ್ಮು ಇನ್ನೂ ಬಿಟ್ಟಿಲ್ಲ.

ಈ ಆಷಾಢದಲ್ಲಿ ಬೆಟ್ಟಕ್ಕೆ ಹೋಗಿ ಹರಕೆ ತೀರಿಸಿದೆವು. ಇವನು ತಕ್ಕಡಿ ಹತ್ತುವ ಹೊತ್ತಿಗೆ ಅತ್ತೆ, "ತಡೀರಿ ಅಯ್ನೋರೆ" ಎಂದು ಪೂಜಾರಿಗಳನ್ನು ನಿಲ್ಲಿಸಿ, ಅವನ ಸೊಂಟ, ಜೇಬು ಎಲ್ಲ ತಡಕಿ ನೋಡಿದರು. ಜೇಬಿನಲ್ಲಿದ್ದ ಗೋಲಿಗಳನ್ನು ತೆಗೆದು ತಮ್ಮ ಸೆರಗಿಗೆ ಕಟ್ಟಿಕೊಂಡರು.

"ಈಗ ತೂಗಿ" ಎಂದರು.

ತಂದಿದ್ದ ಬೆಲ್ಲ ಸಾಲಲಿಲ್ಲ. ನನ್ನ ಗಂಡ ಅಂಗಡಿಗೆ ಓಡಿದರು. ಅವರು ಬೆಲ್ಲ ತರುವವರೆಗೂ ನನ್ನ ಮಗ ಮೇಲೇಳದ ಆ ತಟ್ಟೆಯಲ್ಲಿ ಕಾಲು ಅಲ್ಲಾಡಿಸುತ್ತ ಕೂತಿದ್ದ. ನಾನು ತಾಯಿಯ ಕಡೆ ಕೈ ಮುಗಿದು ನಿಂತಿದ್ದೆ.