ದೇವಕ್ಕ ಲ್ಯಾಪ್‌ಟಾಪಿನ ಕಿವಿರು ನೋಡಿದ್ದು

2022ರ ಜೂನ್. ಕಾರವಾರದ ಕೋಡಿಬಾಗ ರಸ್ತೆಯಲ್ಲಿದ್ದ ನನ್ನ ಕಂಪ್ಯೂಟರ್ ಮಾರಾಟ ಮತ್ತು ರಿಪೇರಿ ಅಂಗಡಿಗೆ ಆಗ ಇಪ್ಪತ್ತೆರಡು ವರ್ಷ. ಯಾರಿಗೆ ಯಾವ ಲ್ಯಾಪ್‌ಟಾಪ್ ಒಳ್ಳೆಯದು ಎಂದು ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹಮ್ಮಿಗೂ ಅಷ್ಟೇ ವಯಸ್ಸು. ಗಿರಾಕಿ ಕುಳಿತ ಕೂಡಲೇ ಹನ್ನೊಂದು ಪ್ರಶ್ನೆಗಳ ಅಚ್ಚುಹಾಕಿಸಿದ ಹಾಳೆಯೊಂದನ್ನು ಕೈಗೆ ಕೊಡುತ್ತಿದ್ದೆ. ಅದನ್ನು ತುಂಬದವರಿಗೆ ನಾನು ಯಂತ್ರ ತೋರಿಸುತ್ತಿರಲಿಲ್ಲ. ಅಂಗಡಿಯಲ್ಲಿ ಜನ ಕಡಿಮೆಯಾಗಲು ಆ ಹಾಳೆಯೇ ಕಾರಣ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ನಾನು ಒಪ್ಪಿರಲಿಲ್ಲ.

ಆ ದಿನ ಅಂಕೋಲೆಯ ಬಸ್ಸಿಳಿದು ತಾಯಿ ಮಗಳು ಬಂದರು. ತಾಯಿ ದೇವಕಿ ಅಂಕೋಲೆ ಪೇಟೆಯಲ್ಲಿ ಮೀನು ಮಾರುವವರು, ಊರಿಗೆಲ್ಲ ದೇವಕ್ಕ. ಮಗಳು ಅಂಕಿತಾಳಿಗೆ ಕಾರವಾರದ ಕಾಲೇಜಿನಲ್ಲಿ ಬಿಸಿಎ ಸೀಟು ಸಿಕ್ಕಿತ್ತು. ಮಳೆಗಾಲ ಶುರುವಾಗಿ ಬೋಟುಗಳೆಲ್ಲ ದಡ ಸೇರಿದ್ದವು. ಹಸಿ ಮೀನಿನ ವ್ಯಾಪಾರ ನಿಂತು, ದೇವಕ್ಕನ ಬುಟ್ಟಿಯಲ್ಲಿ ಒಣಮೀನು ಮಾತ್ರ ಉಳಿದಿತ್ತು. ಕೈಯಲ್ಲಿದ್ದದ್ದು ಮೂವತ್ತೈದು ಸಾವಿರ.

“ಮೂರು ವರ್ಷ ಬರ್ಬೇಕು ಹೆಗಡೇರೆ. ನಡೂಕೆ ಹಾಳಾದ್ರೆ ಇನ್ನೊಂದು ತೆಗ್ದುಕೊಡೂಕೆ ನನ್ನತ್ರ ಆಗೂದಿಲ್ಲ. ಈಗ್ಲೇ ಹೇಳ್ತೆ” ಎಂದರು ದೇವಕ್ಕ.

ನಾನು ಹಾಳೆ ಕೊಟ್ಟೆ. ಅಂಕಿತಾ ಓದಿ ಹೇಳಿದಳು, ದೇವಕ್ಕ ಉತ್ತರಿಸಿದರು. ‘ಬಳಕೆಯ ಉದ್ದೇಶವೇನು?’ ಎಂಬ ಮೊದಲ ಪ್ರಶ್ನೆಗೇ, “ಓದೂಕೆ. ಮತ್ತೆಂತಕ್ಕೆ, ಹಪ್ಪಳ ಲಟ್ಟಿಸೂಕೆ?” ಎಂದರು. ಎರಡನೆಯ ಪ್ರಶ್ನೆ ಕೇಳುವ ಧೈರ್ಯ ನನಗೂ ಆಗಲಿಲ್ಲ.

ಅವರ ಪ್ರಶ್ನೆಗಳೇ ಬೇರೆ ಇದ್ದವು. ಗಾಜಿನ ಕಪಾಟಿನಲ್ಲಿದ್ದ ತೆಳ್ಳಗಿನ ಯಂತ್ರ ತೋರಿಸಿ ತೂಕ ಕೇಳಿದರು.

“ಒಂದೂಕಾಲು ಕಿಲೋ. ಐವತ್ತೆಂಟು ಸಾವಿರ.”

“ಆ ದಪ್ಪಂದು?”

“ಎರಡೂಕಾಲು ಕಿಲೋ. ಮೂವತ್ತೆಂಟು ಸಾವಿರ.”

ದೇವಕ್ಕ ನನ್ನನ್ನು ಕನಿಕರದಿಂದ ನೋಡಿದರು. “ತೂಕ ಹೆಚ್ಚಾದ್ರೆ ದರ ಕಡಿಮೆ! ಹೀಂಗೆ ಯಾಪಾರ ಮಾಡಿದ್ರೆ ಉದ್ಧಾರ ಆದ ಹಾಂಗೇ.”

“ಆಯಿ, ಸುಮ್ನಿರೆ” ಎಂದು ಅಂಕಿತಾ ಪಿಸುಗುಟ್ಟಿದಳು. ಪಕ್ಕದಲ್ಲಿ ಪ್ರಿಂಟರ್ ರಿಪೇರಿಗೆ ಕಾದಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರು ಮುಸಿಮುಸಿ ನಗುತ್ತಿದ್ದರು. ಹುಡುಗಿಯ ಮುಖ ಕೆಂಪಾಗಿತ್ತು.

ನಾನು ನನ್ನ ಹೆಮ್ಮೆಯ ಆಸ್ತಿಯನ್ನು ಹೊರತೆಗೆದೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಆದರೆ ಕಂಪನಿ ಕಚೇರಿಗಳಿಗೆಂದೇ ತಯಾರಾದ ಗಟ್ಟಿ ಮಾಲು. ಹದಿನಾರು ಜಿಬಿ ರ‍್ಯಾಮ್. ರ‍್ಯಾಮ್ ಎಂದರೆ ಅಡುಗೆಕಟ್ಟೆ ಇದ್ದ ಹಾಗೆ, ಅಗಲವಿದ್ದಷ್ಟೂ ಒಮ್ಮೆಗೇ ಹೆಚ್ಚು ಕೆಲಸ ಹರಡಿಕೊಳ್ಳಬಹುದು. ಬೆಲೆ ಇಪ್ಪತ್ತೇಳು ಸಾವಿರ. ಇಸ್ತ್ರಿ ಅಂಗಿಯ ಸಭ್ಯ ಗೃಹಸ್ಥರೊಬ್ಬರಿಂದ ಕೊಂಡು, ಎರಡು ದಿನ ಓಡಿಸಿ ಪರೀಕ್ಷಿಸಿದ್ದೆ. ಬಜೆಟ್ಟಿನಲ್ಲಿ ಎಂಟು ಸಾವಿರ ಉಳಿಯುತ್ತದೆ ಎಂದು ಭಾಷಣವನ್ನೂ ಮಾಡಿದೆ.

ದೇವಕ್ಕ ಅದನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ, ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿದರು. “ಇದ್ರ ಕಿವಿರು ಎಲ್ಲದೆ?”

“ಏನು?”

“ಕಿವಿರು, ಕಿವಿರು. ಉಸಿರಾಡೂ ಜಾಗ.”

ಮೀನಿನ ಕಿವಿರು ಎತ್ತಿ ನೋಡದೆ ಕರಾವಳಿಯಲ್ಲಿ ಯಾರೂ ಮೀನು ಕೊಳ್ಳುವುದಿಲ್ಲ, ಕೆಂಪಗಿದ್ದರೆ ತಾಜಾ. ಸಸ್ಯಾಹಾರಿಯಾದ ನನಗೂ ಅಷ್ಟು ಗೊತ್ತಿತ್ತು. ಫ್ಯಾನಿನ ಗಾಳಿ ಹೊರಬರುವ ಸೀಳುಗಳನ್ನು ತೋರಿಸಿದೆ. ದೇವಕ್ಕ ಅದಕ್ಕೆ ಮೂಗು ತಾಗಿಸಿ ದೀರ್ಘವಾಗಿ ಮೂಸಿದರು. ಬ್ಯಾಂಕಿನವರು ಈ ಸಲ ಗಟ್ಟಿಯಾಗಿಯೇ ನಕ್ಕರು. ಅಂಕಿತಾ ಗೋಡೆಯ ಕ್ಯಾಲೆಂಡರಿನತ್ತ ತಿರುಗಿ ನಿಂತಳು.

“ಇದು ಬ್ಯಾಡ. ಒಣಮೀನಿನ ಸಂಗಡ ಇದ್ದ ಮಾಲು. ಒಳಗೆ ಉಪ್ಪು ಹೊಡ್ದದೆ.”

ನನಗೆ ರೇಗಿತು. ಆಗ ನಾನು ಆಡಿದ ಮಾತು ಇಂದಿಗೂ ಚುಚ್ಚುತ್ತದೆ. “ದೇವಕ್ಕ, ವಾಸನೆ ನಿಮ್ಮ ಕೈಯದೇ ಇರಬಹುದು” ಎಂದುಬಿಟ್ಟೆ.

ಅಂಕಿತಾ ಕ್ಯಾಲೆಂಡರ್ ಬಿಟ್ಟು ನನ್ನತ್ತ ತಿರುಗಿದಳು. ದೇವಕ್ಕ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. “ನನ್ನ ಕೈ ನಾತ ನಂಗೆ ಗೊತ್ತದೆ. ಇದು ಬೇರೆ. ಬಿಚ್ಚಿ ಕಾಂಬ.”

ಅವರ ಬಾಯಿ ಮುಚ್ಚಿಸಬೇಕೆಂದೇ ಬಿಚ್ಚಿದೆ. ಹತ್ತು ಸ್ಕ್ರೂ. ತಳದ ಮುಚ್ಚಳ ಎದ್ದಾಗ ನನ್ನ ಬಾಯಿಯೇ ಮುಚ್ಚಿತು. ಮದರ್‌ಬೋರ್ಡಿನ ಅಂಚಿನುದ್ದಕ್ಕೂ ಬಿಳಿ ಉಪ್ಪಿನ ಪದರ, ಬ್ಯಾಟರಿ ಜೋಡಿಸುವ ಜಾಗದಲ್ಲಿ ಹಸಿರು ಕಿಲುಬು. ಪರೀಕ್ಷೆಯಲ್ಲಿ ಎರಡು ದಿನ ಓಡಿದ ಯಂತ್ರ ಆ ಮಳೆಗಾಲ ದಾಟುವ ಲಕ್ಷಣ ಇರಲಿಲ್ಲ. ಮಾರಿದವರಿಗೆ ಫೋನ್ ಮಾಡಿದೆ. ಮೂರು ವರ್ಷ ಅದು ಅವರ ಒಣಮೀನಿನ ಗೋದಾಮಿನ ಮೇಜಿನ ಮೇಲಿತ್ತಂತೆ. “ನೀವು ಕೇಳಲೇ ಇಲ್ಲವಲ್ಲ” ಎಂದರು. ನಿಜ, ನನ್ನ ಹನ್ನೊಂದು ಪ್ರಶ್ನೆಗಳಲ್ಲಿ ಅದು ಇರಲಿಲ್ಲ.

ದೇವಕ್ಕನ ಹತ್ತಿರ ಕ್ಷಮೆ ಕೇಳಿದೆ. “ಅಡ್ಡಿಲ್ಲ ಬಿಡಿ, ನೀವು ಮೀನು ತಿಂಬವ್ರಲ್ಲ” ಎಂದು ಅವರೇ ನನ್ನನ್ನು ಸಮಾಧಾನಪಡಿಸಿದರು.

ಈ ಸಲ ಹಾಳೆ ಬದಿಗಿಟ್ಟು ಅಂಕಿತಾಳನ್ನೇ ಕೇಳಿದೆ. “ಬಸ್ಸಲ್ಲಿ ನಿಂತೇ ಬರೂದು ಸರ್, ಬಾಳ ಭಾರ ಇರ್ಬಾರ್ದು. ಮನೇಲಿ ಮಳೆಗೆ ಕರೆಂಟಿರೂದಿಲ್ಲ, ಚಾರ್ಜ್ ನಿಲ್ಬೇಕು” ಎಂದಳು. ಎರಡೇ ವಾಕ್ಯದಲ್ಲಿ ಆಯ್ಕೆ ಮುಗಿಯಿತು. ಒಂದೂಮುಕ್ಕಾಲು ಕಿಲೋದ ಹೊಸ ಯಂತ್ರ, ಎಂಟು ಜಿಬಿ ರ‍್ಯಾಮ್, ಮುಂದೆ ಇನ್ನೊಂದು ರ‍್ಯಾಮ್ ಹಾಕಲು ಖಾಲಿ ಜಾಗ. ಬೆಲೆ ಮೂವತ್ತಾರೂವರೆ ಸಾವಿರ. ಮೂವತ್ತೈದಕ್ಕೆ ಇಳಿಸಿದೆ.

ದೇವಕ್ಕ ಏಳಲಿಲ್ಲ. “ಕೊಸರು?”

“ದೇವಕ್ಕ, ಲ್ಯಾಪ್‌ಟಾಪಿಗೆ ಕೊಸರು ಯಾರು ಕೊಡ್ತಾರೆ?”

“ಕೊಸರಿಲ್ದೆ ನಾನು ನಾಲ್ಕು ತಾರ್ಲೆ ಮೀನು ಸುದ್ದ ಮಾರೂದಿಲ್ಲ.”

ಬ್ಯಾಂಕಿನವರು ಈಗ ಪೂರಾ ಅವರ ಪಕ್ಷವಾಗಿದ್ದರು. “ಕೊಡಿ ಹೆಗಡೇರೆ, ನಿಮ್ಮ ಮರ್ಯಾದೆ ಉಳಿಸಿದ್ದಾರೆ” ಎಂದರು. ನಾನು ಇನ್ನೊಂದು ಎಂಟು ಜಿಬಿ ರ‍್ಯಾಮ್ ಹಾಕಿಕೊಟ್ಟೆ. ಕಡಲ ಗಾಳಿ ತಾಗದಂತೆ ಮುಚ್ಚಿಡಿ ಎಂದೂ ಹೇಳಿ ಕಳಿಸಿದೆ.

ಎರಡು ವರ್ಷದ ಮೇಲೆ ಅಂಕಿತಾ ಒಬ್ಬಳೇ ಬಂದಳು. ಕೊನೆಯ ವರ್ಷ, ಪ್ರಾಜೆಕ್ಟಿನ ಕೆಲಸ ನಡೆದಿದೆ, ಫ್ಯಾನು ಕರಕರ ಎನ್ನುತ್ತಿದೆ. ಬಿಚ್ಚಿದೆ. ಮದರ್‌ಬೋರ್ಡಿಗೆ ಒಂದು ಚುಕ್ಕೆ ಉಪ್ಪು ಹಿಡಿದಿರಲಿಲ್ಲ. ಫ್ಯಾನಿನಲ್ಲಿ ಮಾತ್ರ ಐದು ಕಾಳು ಕುಚ್ಚಲಕ್ಕಿ.

“ಆಯಿ ಇದನ್ನ ಅಕ್ಕಿ ಡಬ್ಬಿಯೊಳ್ಗೆ ಇಡೂದು ಸರ್. ಗಾಳಿ ತಾಗೂದಿಲ್ಲ ಹೇಳಿ” ಎಂದು ನಕ್ಕಳು. “ಬಟ್ಟೆ ಸುತ್ತಿದ್ರೂ ಅಕ್ಕಿ ಹೊಕ್ತದೆ.”

ಇಪ್ಪತ್ತೆರಡು ವರ್ಷ ಯಂತ್ರದ ಅಂಕಿ ಅಂಶ ಓದುವುದೇ ವಿದ್ಯೆ ಎಂದುಕೊಂಡಿದ್ದೆ. ಮಾಲನ್ನು ಮುಟ್ಟಿ, ಮೂಸಿ, ಅದು ಎಲ್ಲಿದ್ದು ಬಂತು ಎಂದು ತಿಳಿಯುವುದೂ ವಿದ್ಯೆಯೇ. ಅದನ್ನು ನನಗೆ ಈ ವೃತ್ತಿ ಕಲಿಸಿದ್ದು ದೇವಕ್ಕನ ಮೂಲಕ.

ಅಂಕಿತಾ ಫ್ಯಾನು ರಿಪೇರಿಗೆ ಬಂದ ದಿನ ನನ್ನ ಮೇಜಿನ ಮೇಲೆ ಯಾರೋ ಮಾರಲು ತಂದಿಟ್ಟ ಹಳೆಯ ಲ್ಯಾಪ್‌ಟಾಪ್ ಇತ್ತು. ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದರು, ಅವಳ ಕಾಲೇಜಿನ ಇಬ್ಬರು ಹುಡುಗಿಯರೂ ಇದ್ದರು. ಅಂಕಿತಾ ಅದನ್ನು ಎತ್ತಿಕೊಂಡು, ತಿರುಗಿಸಿ, ಎಲ್ಲರ ಎದುರೇ ಮೂಗು ತಾಗಿಸಿ ಆಯಿಯ ಹಾಗೆಯೇ ದೀರ್ಘವಾಗಿ ಮೂಸಿದಳು.

“ಇದು ಅಡ್ಡಿಲ್ಲ ಸರ್, ತಕಳಿ” ಎಂದಳು.