ಮೂರು ಗಾಲಿಯ ಬ್ರೇಕು

ಹುಮನಾಬಾದಿನ ಹೆದ್ದಾರಿ ಬದಿಯ ಬಕ್ಕಪ್ಪನ ಗ್ಯಾರೇಜು ಗೊತ್ತಿಲ್ಲದ ಡ್ರೈವರ್ ಆ ಕಡೆ ಯಾರೂ ಇರಲಿಲ್ಲ. ಇಂಜಿನ್ನಿನ ಸದ್ದು ಕೇಳಿಯೇ ಅವನು ಗಾಡಿಯ ರೋಗ ಹೇಳುತ್ತಿದ್ದ. ಗೇರ್‌ಬಾಕ್ಸು ಬಿಚ್ಚಿ ಹರಡಿಕೊಂಡು ಕೂತರೆ ಊಟದ ನೆನಪಿರುತ್ತಿರಲಿಲ್ಲ. ಆದರೆ ಬ್ರೇಕಿನ ಕೆಲಸ ಬಂದರೆ ಮಾತ್ರ ಮುಂದಿನ ಗ್ಯಾರೇಜಿನತ್ತ ಕೈ ತೋರಿಸಿಬಿಡುತ್ತಿದ್ದ. ಪಕ್ಕದ ಲೇತ್ ಅಂಗಡಿಯ ಅಬ್ದುಲ್ ರಜಾಕ್ ಇದನ್ನೇ ಹಿಡಿದು ಕಾಡುತ್ತಿದ್ದ.

“ಗಾಡಿ ಓಡಸೂದು ಬಕ್ಕಪ್ಪನ ಕೆಲಸ. ನಿಲ್ಲಸೂದು ಖುದಾನ ಕೆಲಸ!”

ಬಕ್ಕಪ್ಪ ನಕ್ಕುಬಿಡುತ್ತಿದ್ದ. ಹಾಗೆ ನಗುತ್ತ ಹತ್ತೊಂಬತ್ತು ವರ್ಷ ಕಳೆದಿದ್ದವು.

ಅವನ ಹುಟ್ಟೂರು ಮನ್ನಾಏಖೇಳ್ಳಿ. ಲಾರಿಗಳ ಅಡಿಯಲ್ಲಿ ಮಲಗಿ ಕೆಲಸ ಕಲಿತವನು. ಅವನ ಕೈಗುಣ ನಂಬಿ ಬರುತ್ತಿದ್ದವರಲ್ಲಿ ಬಸವಕಲ್ಯಾಣದ ಬೇಳೆ ವ್ಯಾಪಾರಿ ಗುರುಶಾಂತ ಮೊದಲಿಗ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಶನಿವಾರ ಮಧ್ಯಾಹ್ನ ಗುರುಶಾಂತನ ಬಿಳಿ ಅಂಬಾಸಡರ್ ಕಾರು ಬಂತು. ಮುಂದಿನ ಎಡಗಾಲಿಯ ಡ್ರಮ್ಮಿನಿಂದ ಬ್ರೇಕ್ ಎಣ್ಣೆ ಸೋರುತ್ತಿತ್ತು. ಹಾಕಬೇಕಾದ ಸಾಮಾನು ಹೈದರಾಬಾದಿನಿಂದ ಬರಬೇಕು. ಇಂಥ ಹೊತ್ತಿನಲ್ಲಿ ಹೆದ್ದಾರಿಯ ಮಿಸ್ತ್ರಿಗಳಿಗೆ ಒಂದು ಉಪಾಯ ಗೊತ್ತಿತ್ತು. ಆ ಗಾಲಿಗೆ ಹೋಗುವ ಕೊಳವೆಯ ಬಾಯಿಗೆ ಜೋಳದ ಕಾಳಿನಷ್ಟು ಉಕ್ಕಿನ ಗುಂಡು ಇಟ್ಟು ನಟ್ಟು ಬಿಗಿದರೆ ಸೋರಿಕೆ ನಿಲ್ಲುತ್ತದೆ. ಉಳಿದ ಮೂರು ಗಾಲಿಗಳಿಗೆ ಬ್ರೇಕು ಹಿಡಿಯುತ್ತದೆ. ಹಾಗೆ ಮಾಡಿದ ಗಾಡಿಯ ಸ್ಟೇರಿಂಗಿಗೆ ಒಂದು ಕೆಂಪು ಅರಿವೆಯ ತುಂಡು ಕಟ್ಟಿ, ಮೆಲ್ಲಗೆ ಹೋಗಿರೆಂದು ಬಾಯಿಬಿಟ್ಟು ಹೇಳಿ ಕಳಿಸುವುದು ರೂಢಿ.

ಅವತ್ತು ಬಕ್ಕಪ್ಪ ಗುಂಡು ಇಟ್ಟು ಬಿಗಿಯುವಾಗ ಗ್ಯಾರೇಜಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಗುರುಶಾಂತ ಅವರೆದುರಿಗೆ, “ಬಕ್ಕಪ್ಪ ಮುಟ್ಟಿದ ಅಂದ್ರ ಮುಗೀತು, ಮತ್ತ ತಿರುಗಿ ನೋಡೂದ ಬ್ಯಾಡ” ಎಂದ. ಆ ಮಾತಿನ ಮೇಲೆ ‘ಅರ್ಧ ಕೆಲಸ ಆಗೇದ್ರಿ’ ಎನ್ನಲು ಬಕ್ಕಪ್ಪನಿಗೆ ನಾಲಿಗೆ ಏಳಲಿಲ್ಲ. “ಹೋಗ್ರಿ ಸಾವ್ಕಾರ್ರ” ಎಂದುಬಿಟ್ಟ. ಅರಿವೆ ಅವನ ಕಿಸೆಯಲ್ಲೇ ಉಳಿಯಿತು.

ಬಸವಕಲ್ಯಾಣದ ದಾರಿಯ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಗುರುಶಾಂತ ಜೋರಾಗಿ ಬ್ರೇಕು ತುಳಿದಾಗ ಬಲಗಾಲಿ ಹಿಡಿಯಿತು, ಎಡಗಾಲಿ ಓಡಿತು. ಕಾರು ಬಲಕ್ಕೆ ತಿರುಗಿ ಸೇತುವೆಯ ಕಲ್ಲುಗೋಡೆಗೆ ಬಡಿಯಿತು. ಗುರುಶಾಂತ ಅಲ್ಲೇ ತೀರಿಕೊಂಡ. ಎಲ್ಲರೂ ಎಮ್ಮೆಯನ್ನು ಬೈದರು. ಅವನ ಮಣ್ಣಿಗೆ ಹೋಗಿದ್ದ ಬಕ್ಕಪ್ಪನೂ ಹೌದೆಂದು ತಲೆಯಾಡಿಸಿದ.

ಅಂದಿನಿಂದ ಮಧ್ಯಾಹ್ನ ಗ್ಯಾರೇಜು ನಿಶ್ಶಬ್ದವಾದಾಗ, ಖಾಲಿ ನಿಂತ ಗಾಡಿಯೊಳಗೆ ಯಾರೋ ಬ್ರೇಕಿನ ಪೆಡಲು ತುಳಿದಂತೆ ಅವನಿಗೆ ಕೇಳಿಸುತ್ತಿತ್ತು. ಒಮ್ಮೆ, ಎರಡು ಸಲ, ಮೂರನೆಯದು ಪೂರಾ ಒಳಗೆ. ಎದ್ದು ಹೋಗಿ ಬಾಗಿಲು ತೆಗೆದರೆ ಬಿಸಿಲಿಗೆ ಕಾದ ಸೀಟಿನ ವಾಸನೆ ಮಾತ್ರ.

ಈ ವರ್ಷದ ಶ್ರಾವಣದಲ್ಲಿ ಅದೇ ಅಂಬಾಸಡರ್ ಟೆಂಪೊ ಮೇಲೆ ಕೂತು ಬಂತು. ಹಿಂದೆಯೇ ಆಟೋದಿಂದ ಗುರುಶಾಂತನ ಹೆಂಡತಿ ಪಾರ್ವತಿಬಾಯಿ ಇಳಿದರು. ಕಾರಿನ ಮೈಯ ತಗ್ಗು ಬಡಿಸಿ ನೇರ ಮಾಡಿ, ಇಷ್ಟು ವರ್ಷ ಗೋದಾಮಿನಲ್ಲಿ ಮುಚ್ಚಿಟ್ಟಿದ್ದರಂತೆ.

“ಬಕ್ಕಪ್ಪಣ್ಣಾ, ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಹಾಕಬೇಕು. ಅಪ್ಪನ ಗಾಡಿ ನಾನೇ ನಡಸ್ತೀನಿ ಅಂತ ಮಗಳು ಐಶ್ವರ್ಯ ಹಟ ಹಿಡದಾಳ. ಡ್ರಮ್ಮಿನ ಮ್ಯಾಲ ನನಗ ಭರೋಸಾ ಇಲ್ಲ.”

“ಬ್ರೇಕಿನ ಕೆಲಸ ನಾ ಮಾಡಂಗಿಲ್ರಿ ಅಕ್ಕಾರ.”

“ಗೊತ್ತದ. ಆದ್ರ ಅವರು ನಿನ್ನ ಬಿಟ್ಟು ಯಾರ ಕೈಯಾಗೂ ಗಾಡಿ ಕೊಟ್ಟವರಲ್ಲ. ನಾನೂ ಕೊಡಂಗಿಲ್ಲ.”

ಬೇರೆ ಯಾರಾದರೂ ಆ ಎಡಗಾಲಿ ಬಿಚ್ಚಿದರೆ ಗುಂಡು ಸಿಗುತ್ತದೆ. ಬಕ್ಕಪ್ಪ ಒಪ್ಪಿದ್ದು ಧೈರ್ಯದಿಂದಲ್ಲ, ಆ ಹೆದರಿಕೆಯಿಂದ.

ಕಂಪನಿಯಿಂದಲೇ ಮುಂಗಾಲಿಗೆ ಡಿಸ್ಕ್ ಹಾಕಿ ಬಂದ ಅಂಬಾಸಡರ್‌ಗಳ ಡಿಸ್ಕು, ಹಬ್ಬು, ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್‌ಗಳನ್ನು ರಜಾಕ್ ಗುಜರಿಯಿಂದ ಹುಡುಕಿ ತಂದ. ಡಿಸ್ಕುಗಳನ್ನು ಲೇತಿಗೆ ಹಾಕಿ ಕನ್ನಡಿಯಂತೆ ಮಾಡಿದ. ಎಡಗಾಲಿ ಬಿಚ್ಚುವಾಗ ಬಕ್ಕಪ್ಪ ಅವನನ್ನು ಚಹಾಕ್ಕೆ ಕಳಿಸಿದ. ತುಕ್ಕು ಹಿಡಿದ ನಟ್ಟು ಕಿರುಗುಟ್ಟಿ ಸಡಿಲವಾಯಿತು. ಗುಂಡು ಅಂಗೈಗೆ ಬಿತ್ತು. ಅದಕ್ಕೆ ಒಂದು ಚೂರೂ ತುಕ್ಕು ಹತ್ತಿರಲಿಲ್ಲ. ಗುಜರಿ ಡಬ್ಬಿಗೆ ಎಸೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಅದನ್ನು ಮುಷ್ಟಿಯಲ್ಲೇ ಹಿಡಿದು ಕೂತ.

ಹೊಸ ಕೊಳವೆ ಎಳೆದು, ಹೊಸ ಮಾಸ್ಟರ್ ಸಿಲಿಂಡರ್ ಕೂಡಿಸಿ, ಕೊಳವೆಯೊಳಗಿನ ಗಾಳಿ ತೆಗೆಯುವ ಹೊತ್ತಿಗೆ ರಜಾಕ್ ಸೀಟಿನಲ್ಲಿ ಕೂತ. ಅವನು ಪೆಡಲು ತುಳಿದು ಹಿಡಿಯಬೇಕು, ಕೆಳಗೆ ಮಲಗಿದ ಬಕ್ಕಪ್ಪ ಗಾಳಿ ಬಿಡುವ ನಿಪ್ಪಲ್ ಸಡಿಲಿಸಬೇಕು. ಒಮ್ಮೆ, ಎರಡು ಸಲ, ಮೂರನೆಯದು ಪೂರಾ ಒಳಗೆ. ಬಕ್ಕಪ್ಪ ಬೆವೆತು ಹೊರಗೆ ತೆವಳಿ ಬಂದು ಕಿಟಕಿಯೊಳಗೆ ನೋಡಿದ.

“ಮ್ಯಾಲೆ ಯಾರ ಕಾಲದು?”

“ಮತ್ತ ನಿಮ್ಮ ಅಪ್ಪನ ಕಾಲೇನು? ನಂದೇ! ಲಗೂ ಮಾಡು ಉಸ್ತಾದ್, ಕಾಲಿನ ಮೀನಖಂಡ ಹಿಡಕೊಂಡದ.”

ಮೂರನೆಯ ದಿನ ಪಾರ್ವತಿಬಾಯಿ ಬಂದರು. ಬಕ್ಕಪ್ಪ ಬೀಗದ ಕೈ ಕೊಡುವ ಬದಲು ಗುಂಡನ್ನು ಅವರ ಅಂಗೈಯಲ್ಲಿಟ್ಟ. ಎಲ್ಲವನ್ನೂ ಹೇಳಿದ. ಜನ, ಹೊಗಳಿಕೆ, ಕಿಸೆಯಲ್ಲಿ ಉಳಿದ ಅರಿವೆ.

“ಅವರಿಗೆ ಹೇಳಿದ್ದಿಲ್ಲ?”

“ಇಲ್ರಿ.”

“ಹೇಳಿದ್ರ ಬಸ್ಸಿಗೆ ಬರ್ತಿದ್ರು.” ಪಾರ್ವತಿಬಾಯಿ ಗುಂಡನ್ನು ತಿರುಗಿಸಿ ನೋಡಿದರು. “ಇಷ್ಟೇ ಏನು?” ಆಮೇಲೆ ಕಾರಿನ ಎಡಬದಿಯ ಬಾಗಿಲು ತೆಗೆದರು. “ನಡಿ. ಆ ಇಳಿಜಾರಿಗೆ.”

ಬಕ್ಕಪ್ಪ ಸ್ಟೇರಿಂಗ್ ಹಿಡಿದ. ದಾರಿಯಲ್ಲಿ ಹಿಂದಿನ ಸೀಟು ಒಮ್ಮೆ ಕಿರುಗುಟ್ಟಿತು, ಹಿಂದೆ ಯಾರೂ ಇರಲಿಲ್ಲ. ಇಳಿಜಾರಿನಲ್ಲಿ ಸೇತುವೆ ಕಂಡಾಗ ಪಾರ್ವತಿಬಾಯಿ, “ಜೋರ್ ಹೊಡಿ. ಈಗ ತುಳಿ” ಎಂದರು. ಬಕ್ಕಪ್ಪ ತುಳಿದ. ಟೈರು ಚೀರಿತು. ಕಾರು ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಕಲ್ಲುಗೋಡೆಗೆ ಹತ್ತು ಮಾರು ಈಚೆ ನೆಟ್ಟಗೆ ನಿಂತಿತು.

ಅವರು ಕೆಳಗಿಳಿದು ಗೋಡೆಯವರೆಗೆ ನಡೆದು ಹೋದರು, ಕಲ್ಲಿನ ಮೇಲೆ ಕೈಯಿಟ್ಟು ನಿಂತರು. ತಿರುಗಿ ಬಂದವರು ಬಕ್ಕಪ್ಪನ ಮುಖ ನೋಡಲಿಲ್ಲ.

“ಗಾಡಿ ಒಯ್ತೀನಿ. ಆದ್ರ ನಾಳೆ ಐಶ್ವರ್ಯ ಬರ್ತಾಳ. ನನಗ ಹೇಳಿದ್ದು ಅಕಿಗೂ ನೀನೇ ಹೇಳಬೇಕು. ಒಂದ ಮಾತೂ ಬಿಡಬ್ಯಾಡ.”

“ಹೂಂನ್ರಿ” ಎಂದ ಬಕ್ಕಪ್ಪ. ಹಿಂದೆ ಬಂದ ಲಾರಿ ಹಾರ್ನು ಹಾಕುತ್ತಲೇ ಇತ್ತು. ಬ್ರೇಕಿನ ಮೇಲಿಂದ ಕಾಲು ಎತ್ತುವುದು ಅವನಿಂದ ಆಗುತ್ತಿರಲಿಲ್ಲ.